ಕಲ್ಲು, ಮಣ್ಣು, ಗಾಜು: ಮಲಪ್ರಭೆಯ ದಂಡೆಗೆ ಬೇಕಾದ ಓದು

ಪಟ್ಟದಕಲ್ಲಿನ ಪಾಪನಾಥ ಗುಡಿಯಲ್ಲಿ ಒಂದು ಪುಟ್ಟ ಶಾಸನವಿದೆ. ಗುಡಿಯ ತೆಂಕಣ ಬದಿಯನ್ನು ಮಾಡಿದವನು ರೇವಡಿ ಓವಜ್ಜ, ಅವನು ಸರ್ವಸಿದ್ಧಿ ಆಚಾರಿಯ ಶಿಷ್ಯ ಎಂದು ಅದು ಹೇಳುತ್ತದೆ. ಆ ಗುರುವಿನ ಹೆಸರು ಅಲ್ಲೇ ಸಮೀಪದ ವಿರೂಪಾಕ್ಷ ಗುಡಿಯ ಶಾಸನದಲ್ಲೂ ಬರುತ್ತದೆ. ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯ ಸೂತ್ರಧಾರಿ ಗುಂಡನ್ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತ್ತು. ಇತ್ತ ಐಹೊಳೆಯ ಒಂದು ಶಾಸನ, ಮನೆ ಮತ್ತು ಗುಡಿ ಕಟ್ಟುವ ವಿದ್ಯೆಯಲ್ಲಿ ನರಸೊಬ್ಬನಿಗೆ ಸಮನಾದವನು ಜಂಬೂದ್ವೀಪದಲ್ಲೇ ಇಲ್ಲ ಎಂದು ಸಾರುತ್ತದೆ. ಸುಮಾರು 1,300 ವರ್ಷಗಳ ಹಿಂದೆ ಈ ನೆಲದಲ್ಲಿ ಕೆತ್ತಿದವನ ಹೆಸರಿಗೆ ಬೆಲೆಯಿತ್ತು. ಅವನು ಯಾರ ಕೈಕೆಳಗೆ ಕಲಿತ ಎಂಬುದಕ್ಕೂ ಬೆಲೆಯಿತ್ತು.

ಇಂದು ಬಾದಾಮಿಯ ಅಥವಾ ಹುನಗುಂದದ ಒಬ್ಬ ಹುಡುಗಿ ದೃಶ್ಯಕಲೆಯಲ್ಲಿ ಪದವಿ ಮುಗಿಸಿ ಶಿಲ್ಪ, ಸೆರಾಮಿಕ್ಸ್, ಗಾಜು ಇವುಗಳಲ್ಲಿ ಮುಂದಕ್ಕೆ ಓದುತ್ತೇನೆ ಎಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ: ‘ಕಲ್ಲು ಕೆತ್ತಾಕ, ಗಡಿಗಿ ಮಾಡಾಕ ಎಂಎ ಯಾಕ ಬೇಕವ್ವಾ?’ ಎರಡನೆಯ ಪ್ರಶ್ನೆ: ‘ಅದನ್ನ ಓದಾಕ ಎಲ್ಲಿ ಹೋಗ್ತೀ?’ ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡಕ್ಕೂ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಕಲ್ಲು ಇಲ್ಲಿದೆ, ಮಣ್ಣು ಇಲ್ಲಿದೆ, ಗಾಜಿಗೆ ಬೇಕಾದ ಮೂಲವಸ್ತುವೂ ಇಲ್ಲಿದೆ. ಮೂರನ್ನೂ ಸ್ನಾತಕೋತ್ತರ ಮಟ್ಟದಲ್ಲಿ ಒಟ್ಟಿಗೆ ಕಲಿಸುವ ಕಮ್ಮಟ ಬಾಗಲಕೋಟೆ ಜಿಲ್ಲೆಯಲ್ಲೇ ಇರಬೇಕು ಎಂದು ನಾನು ನಂಬಿದ್ದೇನೆ.

ಎರಡು ವರ್ಷದಲ್ಲಿ ಏನು ಕಲಿಯುತ್ತಾರೆ?

ನಮ್ಮಲ್ಲಿ ದೃಶ್ಯಕಲೆಯ ಪದವಿ, ಅಂದರೆ ಬಿವಿಎ, ಸಾಮಾನ್ಯವಾಗಿ 4 ವರ್ಷದ್ದು. ಅದರ ಮೇಲಿನ ಎಂವಿಎ ಅಥವಾ ಎಂಎಫ್‌ಎ 2 ವರ್ಷದ್ದು. ಉಳಿ ಹಿಡಿಯುವುದು, ತಿಗರಿ ತಿರುಗಿಸುವುದು, ಅಚ್ಚು ಹಾಕುವುದು ಇವೆಲ್ಲ ಬಿವಿಎಯಲ್ಲೇ ಆಗಿರುತ್ತವೆ. ಸ್ನಾತಕೋತ್ತರದಲ್ಲಿ ವಿದ್ಯಾರ್ಥಿ ತನ್ನದೇ ಒಂದು ಪ್ರಶ್ನೆಯನ್ನು ಹಿಡಿದು ಎರಡು ವರ್ಷ ಅದರ ಬೆನ್ನು ಹತ್ತುತ್ತಾಳೆ. ದಿನದ ಬಹುಪಾಲು ಕಮ್ಮಟದಲ್ಲಿ ಕಳೆಯುತ್ತದೆ. ಜೊತೆಗೆ ಕಲಾ ಇತಿಹಾಸ, ವಸ್ತುವಿಜ್ಞಾನ, ಒಂದು ಪ್ರಬಂಧ, ಕೊನೆಗೆ ಹೊರಗಿನ ಪರೀಕ್ಷಕರ ಮುಂದೆ ಪ್ರದರ್ಶನ. ಮಾಡಿದ ಕೆಲಸವನ್ನು ನಡುವೆ ಇಟ್ಟುಕೊಂಡು ಮೇಷ್ಟ್ರು, ಸಹಪಾಠಿಗಳು ಕೂತು ಅದರ ಸರಿತಪ್ಪು ಮಾತಾಡುವ ತರಗತಿ ಈ ಓದಿನ ಜೀವಾಳ. ‘ಚಂದ ಐತಿ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಈ ಬಾಗು ಯಾಕೆ ಹೀಗೆ, ಈ ಕಲ್ಲೇ ಯಾಕೆ, ಇದನ್ನು ಸಣ್ಣದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕೊಡಬೇಕು.

ಮನೆತನದ ಶಿಲ್ಪಿಗಳ ಮಕ್ಕಳಿಗೆ ಕೈಕಸುಬು ಹುಟ್ಟಿನಿಂದಲೇ ಬಂದಿರುತ್ತದೆ. ಅವರಿಗೆ ಈ ಓದು ಕೊಡುವುದು ಬೇರೊಂದು ಬಲ. ತನ್ನ ಕೈ ಬಲ್ಲದ್ದನ್ನು ಮಾತಿನಲ್ಲಿ, ರೇಖೆಯಲ್ಲಿ, ಅಳತೆಯಲ್ಲಿ ಹೇಳಲು ಬರುತ್ತದೆ. ಹೇಳಲು ಬಂದಾಗ ಕಲಿಸಲೂ ಬರುತ್ತದೆ. ಗಿರಾಕಿ ಕೇಳಿದ ಮೂರ್ತಿಯ ಆಚೆಗೂ ಯೋಚಿಸಲು ಬರುತ್ತದೆ. ದೃಶ್ಯಕಲೆ ವಿಷಯದಲ್ಲಿ ಯುಜಿಸಿಯ ನೆಟ್ ಪರೀಕ್ಷೆಯ ಮೂಲಕ ಕಾಲೇಜಿನಲ್ಲಿ ಪಾಠ ಹೇಳುವ ಅರ್ಹತೆ ಪಡೆಯುವುದಕ್ಕೂ ಸ್ನಾತಕೋತ್ತರ ಪದವಿ ಬೇಕು.

ಕಲ್ಲು: ಬಾದಾಮಿಯಿಂದ ಇಳಕಲ್‌ವರೆಗೆ

ಶಿಲ್ಪಕಲೆ ಓದುವವರಿಗೆ ಈ ಜಿಲ್ಲೆಯ ಭೂಮಿಯೇ ಮೊದಲ ಪಠ್ಯ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳದ್ದು ಮರಳುಗಲ್ಲು. ಹಿಂದೊಮ್ಮೆ ನೀರಿನಡಿ ಪದರಪದರವಾಗಿ ಕೂತ ಮರಳು ಗಟ್ಟಿಯಾಗಿ ಆದ ಬಂಡೆ ಅದು. ಭೂವಿಜ್ಞಾನಿಗಳು ಈ ಇಡೀ ಶಿಲಾಸಮೂಹಕ್ಕೆ ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಹುನಗುಂದ ದಾಟಿ ಇಳಕಲ್ ಕಡೆ ಹೋದರೆ ಸಿಗುವುದು ಗುಲಾಬಿ, ಕೆಂಪು ಬಣ್ಣದ ಗ್ರಾನೈಟ್. ಅದು ಇನ್ನೂರು ಕೋಟಿ ವರ್ಷಕ್ಕೂ ಹಳೆಯದು, ಭೂಮಿಯ ಒಡಲಲ್ಲಿ ಕರಗಿದ್ದ ಶಿಲಾದ್ರವ ನಿಧಾನವಾಗಿ ಆರಿ ಹರಳುಗಟ್ಟಿದ್ದು. ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಟ್ಟಬಹುದಾದ ಎರಡು ಊರುಗಳ ನಡುವೆ ಕಲ್ಲಿನ ಸ್ವಭಾವ ಪೂರಾ ಬದಲಾಗುತ್ತದೆ.

ಮರಳುಗಲ್ಲಿಗೆ ಪದರವಿದೆ. ಪದರದ ಹರಿವು ನೋಡಿ ಉಳಿ ಇಟ್ಟರೆ ಕಲ್ಲು ಮಾತು ಕೇಳುತ್ತದೆ, ತಪ್ಪಿದರೆ ಚಕ್ಕೆ ಎದ್ದುಹೋಗುತ್ತದೆ. ಬಾದಾಮಿಯ ಮೂರನೆಯ ಗುಹೆಗೆ ಹೋದವರು ಶಿಲ್ಪಗಳ ಮೈಮೇಲೆ ಅಡ್ಡಡ್ಡ ಹಾಯ್ದಿರುವ ಕೆಂಪು, ಬಿಳಿಯ ಪಟ್ಟೆಗಳನ್ನು ನೋಡಿರುತ್ತಾರೆ. ಅದು ಬಣ್ಣ ಬಳಿದದ್ದಲ್ಲ, ಬಂಡೆಯ ಪದರ. ಕ್ರಿ.ಶ. 578ರಲ್ಲಿ ಮಂಗಳೇಶ ಹಾಕಿಸಿದ ಶಾಸನವಿರುವ ಆ ಗುಹೆಯಲ್ಲಿ ತ್ರಿವಿಕ್ರಮನ ಕಾಲು ಆಕಾಶಕ್ಕೆ ಚಾಚಿದೆ, ವಿಷ್ಣು ಶೇಷನ ಸುರುಳಿಯ ಮೇಲೆ ಕೂತಿದ್ದಾನೆ. ಗುಹೆ ಕೊರೆಯುವವನು ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಕೆಲಸ ಮಾಡುತ್ತಾನೆ. ಒಮ್ಮೆ ತೆಗೆದ ಕಲ್ಲನ್ನು ಮರಳಿ ಇಡಲಾಗದು. ಕಂಬ ಎಲ್ಲಿ, ಮೂರ್ತಿ ಎಲ್ಲಿ ಎಂಬುದು ಮೊದಲ ಏಟಿಗೆ ಮುನ್ನವೇ ಗೊತ್ತಿರಬೇಕು. ಒಂದನೆಯ ಗುಹೆಯ ಬದಿಯ ನಟರಾಜನಿಗೆ 18 ಕೈಗಳು. ಅಷ್ಟು ಕೈಗಳನ್ನು ಒಂದರ ಮೇಲೊಂದು ಬೀಳದಂತೆ, ಒಂದೇ ಮೈಯಿಂದ ಹೊರಟವು ಎಂದು ನಂಬುವಂತೆ ಹರಡುವುದು ಶಿಲ್ಪಿಗೆ ದೊಡ್ಡ ಪರೀಕ್ಷೆ. ಒಬ್ಬ ವಿದ್ಯಾರ್ಥಿ ಆ ಮೂರ್ತಿಯ ಮುಂದೆ ಕೂತು ವಾರಗಟ್ಟಲೆ ರೇಖೆ ಹಾಕಿದರೆ ಭುಜ ಎಲ್ಲಿ ಅಡಗಿದೆ, ಬೆಳಕು ಎಲ್ಲಿ ತಡೆದಿದೆ ಎಂಬುದು ಒಂದೊಂದಾಗಿ ತಿಳಿಯುತ್ತದೆ.

ಅರ್ಧಕ್ಕೆ ನಿಂತ ಕೆತ್ತನೆಗಳೂ ಐಹೊಳೆ, ಪಟ್ಟದಕಲ್ಲುಗಳಲ್ಲಿವೆ. ಪ್ರವಾಸಿಗಳು ಅವುಗಳನ್ನು ದಾಟಿ ಹೋಗುತ್ತಾರೆ. ಕಲಿಯುವವರಿಗೆ ಮುಗಿದ ಮೂರ್ತಿಗಿಂತ ಅವೇ ಹೆಚ್ಚು ಹೇಳುತ್ತವೆ: ಮೊದಲು ಯಾವ ಗೆರೆ ಬಿತ್ತು, ಯಾವ ಭಾಗವನ್ನು ಉಬ್ಬಾಗಿ ಬಿಟ್ಟರು, ಸಣ್ಣ ಉಳಿ ಯಾವಾಗ ಬಂತು ಎಂಬುದು ಅಲ್ಲಿ ಬಯಲಾಗಿದೆ.

ಇಲ್ಲಿಂದ ಲಕ್ಕುಂಡಿಗೆ, ಅಲ್ಲಿಂದ 1112ರ ಇಟಗಿಯ ಮಹಾದೇವ ಗುಡಿಗೆ, ಕೊನೆಗೆ ಹಂಪಿಗೆ ಹೋದರೆ ಇನ್ನೊಂದು ಪಾಠ ಮುಗಿಯುತ್ತದೆ. ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಮೆತ್ತನೆಯ ಬಳಪದ ಕಲ್ಲು ಹಿಡಿದರು. ಕೆತ್ತನೆ ಆಭರಣದಷ್ಟು ಸೂಕ್ಷ್ಮವಾಯಿತು, ಕಂಬಗಳು ಕನ್ನಡಿಯಂತೆ ಹೊಳೆದವು. ವಿಜಯನಗರದವರು ಗಟ್ಟಿ ಗ್ರಾನೈಟ್‌ಗೆ ಬಂದರು. ಗೆರೆಗಳು ದಪ್ಪವಾದವು, ಗಾತ್ರ ದೊಡ್ಡದಾಯಿತು. ಶೈಲಿ ಬದಲಾದದ್ದು ರಾಜರು ಬದಲಾದದ್ದರಿಂದ ಎಂದಷ್ಟೇ ಓದಿದವರಿಗೆ ಕಲ್ಲು ಬದಲಾದದ್ದೂ ಅಷ್ಟೇ ದೊಡ್ಡ ಕಾರಣ ಎಂದು ಆ ದಾರಿಯೇ ತೋರಿಸುತ್ತದೆ.

ಇಳಕಲ್‌ನ ಗ್ರಾನೈಟ್ ಇಂದು ಹೊರದೇಶಗಳಿಗೂ ಹೋಗುತ್ತದೆ. ಕ್ವಾರಿಯಲ್ಲಿ ಬ್ಲಾಕ್ ಎತ್ತಿ, ಕಾರ್ಖಾನೆಯಲ್ಲಿ ಸ್ಲ್ಯಾಬ್ ಕೊಯ್ದು, ಪಾಲಿಶ್ ಹೊಡೆದು ಕಳಿಸುತ್ತಾರೆ. ವಜ್ರದ ಹಲ್ಲಿನ ಬ್ಲೇಡು, ಟಂಗ್‌ಸ್ಟನ್ ಕಾರ್ಬೈಡ್ ಮೊನೆಯ ಉಳಿ, ಗಾಳಿಯೊತ್ತಡದ ಸುತ್ತಿಗೆ ಇವುಗಳಿಂದಾಗಿ ಒಂದು ಕಾಲಕ್ಕೆ ಅಸಾಧ್ಯವಾಗಿದ್ದ ಆಕಾರಗಳು ಈಗ ಗ್ರಾನೈಟ್‌ನಲ್ಲಿ ಸಾಧ್ಯ. ಇದರ ಜೊತೆಗೇ ಕಲಿಯಬೇಕಾದ ಕಠಿಣ ಪಾಠ ಧೂಳಿನದು. ಮರಳುಗಲ್ಲು, ಗ್ರಾನೈಟ್ ಎರಡರಲ್ಲೂ ಸಿಲಿಕಾ ಇದೆ. ಒಣಗಲ್ಲು ಕೊಯ್ಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ, ಅದು ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ನೀರು ಸಿಂಪಡಿಸಿ ಕೊಯ್ಯುವುದು, ಧೂಳು ಹೀರುವ ಯಂತ್ರ, ಸರಿಯಾದ ಮಾಸ್ಕ್ ಇವು ಒಳ್ಳೆಯ ಕಮ್ಮಟದಲ್ಲಿ ಮೊದಲ ದಿನದ ನಿಯಮ. ಓದಿದ ಶಿಲ್ಪಿ ಈ ಶಿಸ್ತನ್ನು ಊರಿನ ಕಾರ್ಖಾನೆಗೆ ತಂದರೂ ಅದೊಂದು ದೊಡ್ಡ ಸೇವೆ.

ಮಣ್ಣಿಗೆ ಬೆಂಕಿ ಮುಟ್ಟಿದಾಗ

ಬಾಗಲಕೋಟೆ ಸೀಮೆಯ ಎರೆಮಣ್ಣು ಬೆಳೆಗೆ ಬಂಗಾರ, ಗಡಿಗೆಗೆ ಕಷ್ಟ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದನ್ನು ಕಂಡವರಿಗೆ ಇದು ಗೊತ್ತು. ಆದ್ದರಿಂದ ಕುಂಬಾರರು ಕೆರೆಯಂಗಳದ ಮಣ್ಣು ಆರಿಸುತ್ತಾರೆ, ಅದಕ್ಕೆ ಮರಳು, ಬೂದಿ ಬೆರೆಸಿ ಹದ ಮಾಡುತ್ತಾರೆ. ಈ ಬೆರಕೆಯ ಹಿಂದಿನ ಕಾರಣವನ್ನು ವಿವರಿಸುವುದು ಸೆರಾಮಿಕ್ಸ್ ಓದಿನ ಮೊದಲ ಅಧ್ಯಾಯ.

ಜೇಡಿಯ ಕಣಗಳು ತೀರಾ ಸಣ್ಣ ಚಪ್ಪಟೆ ಹಾಳೆಗಳು. ನಡುವೆ ನೀರಿದ್ದರೆ ಒಂದರ ಮೇಲೊಂದು ಜಾರುತ್ತವೆ, ಹಾಗಾಗಿ ಮಣ್ಣು ಕೈಗೆ ಬಾಗುತ್ತದೆ. ಆವಿಗೆಯ ಶಾಖ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಣದೊಳಗೆ ರಾಸಾಯನಿಕವಾಗಿ ಕಟ್ಟಿಕೊಂಡಿದ್ದ ನೀರೂ ಬಿಟ್ಟುಹೋಗುತ್ತದೆ. ಅಲ್ಲಿಂದಾಚೆ ಅದು ಮಣ್ಣಾಗಿ ಉಳಿಯುವುದಿಲ್ಲ, ನೀರು ಹಾಕಿದರೂ ಕರಗುವುದಿಲ್ಲ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕದ ಹರಳುಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅದೇ ಜಾಗದಲ್ಲಿ ಕುಗ್ಗುತ್ತವೆ. ಅಲ್ಲಿ ಅವಸರ ಮಾಡಿದರೆ ಪಾತ್ರೆ ಸೀಳುತ್ತದೆ. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ಹಿಡಿಸಿದರೆ ಅದೇ ಮಡಿಕೆ ಕಪ್ಪಾಗುತ್ತದೆ. ಬಯಲಾವಿಗೆಯ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ನೀರು ಜಿನುಗದ ಗಟ್ಟಿ ಸ್ಟೋನ್‌ವೇರ್‌ಗೆ 1,200ರ ಮೇಲೆ, ಪಿಂಗಾಣಿಗೆ ಇನ್ನೂ ಮೇಲೆ ಹೋಗಬೇಕು. ಆವಿಗೆಯ ಬಾಯಲ್ಲಿ ಕಾಣುವ ಬೆಂಕಿಯ ಬಣ್ಣ ನೋಡಿ ಶಾಖ ಹೇಳುವ ಕುಂಬಾರನ ಕಣ್ಣನ್ನೂ ಶಾಖಮಾಪಕದ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಕಲಿತವಳು ಎರಡನ್ನೂ ಬಲ್ಲವಳಾಗುತ್ತಾಳೆ.

ಇಲ್ಲಿ ಇಳಕಲ್‌ನ ಕಲ್ಲು ಮತ್ತೆ ಬರುತ್ತದೆ. ಗ್ರಾನೈಟ್‌ನಲ್ಲಿ ಮುಖ್ಯವಾಗಿ ಇರುವುದು ಫೆಲ್ಡ್‌ಸ್ಪಾರ್ ಮತ್ತು ಸ್ಫಟಿಕ. ಆ ಗುಲಾಬಿ ಬಣ್ಣ ಬಂದದ್ದೇ ಫೆಲ್ಡ್‌ಸ್ಪಾರ್‌ನಿಂದ. ಸ್ಟೋನ್‌ವೇರ್ ಪಾತ್ರೆಯ ಮೇಲೆ ಬಳಿಯುವ ಗ್ಲೇಜಿಗೂ ಇವೇ ಮೂಲವಸ್ತುಗಳು. ಗ್ಲೇಜ್ ಎಂದರೆ ಪಾತ್ರೆಯ ಮೈಗೆ ಕರಗಿ ಅಂಟಿಕೊಂಡ ಗಾಜಿನ ಪೊರೆ. ಕಾರ್ಖಾನೆಗಳಲ್ಲಿ ಸ್ಲ್ಯಾಬ್ ಕೊಯ್ದಾಗ ಬರುವ ಬೂದು ಕೆಸರು ಗುಡ್ಡೆಯಾಗಿ ಬೀಳುತ್ತದೆ. ಅದನ್ನು ಗ್ಲೇಜಿಗೆ, ಟೈಲ್ಸಿನ ಮಣ್ಣಿಗೆ ಬಳಸಲು ಬರುತ್ತದೆ ಎಂದು ಹಲವು ದೇಶಗಳ ಪ್ರಯೋಗಗಳು ತೋರಿಸಿವೆ. ಆದರೆ ಗ್ಯಾಂಗ್‌ಸಾ ಎಂಬ ಗರಗಸದಲ್ಲಿ ಕೊಯ್ದಾಗ ಬರುವ ಕೆಸರಿನಲ್ಲಿ ಉಕ್ಕಿನ ಪುಡಿ, ಸುಣ್ಣ ಸೇರಿರುತ್ತವೆ. ಆಯಸ್ಕಾಂತದಿಂದ ಕಬ್ಬಿಣ ಎಷ್ಟು ತೆಗೆಯಬಹುದು, ಉಳಿದ ಕಬ್ಬಿಣ ಯಾವ ಶಾಖಕ್ಕೆ ಯಾವ ಬಣ್ಣ ಕೊಡುತ್ತದೆ? ಕೆಂಗಂದು ಬರುತ್ತದೆಯೇ, ಕಡುಗಪ್ಪು ಬರುತ್ತದೆಯೇ, ಗಾಳಿ ಕಟ್ಟಿ ಸುಟ್ಟರೆ ತಿಳಿಹಸಿರು ಬರುತ್ತದೆಯೇ? ಒಬ್ಬ ವಿದ್ಯಾರ್ಥಿಯ ಎರಡು ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಉತ್ತರ ಸಿಕ್ಕರೆ ಊರಿನ ಕಸಕ್ಕೂ ಒಂದು ದಾರಿ ಆಗುತ್ತದೆ.

ಇನ್ನೊಂದು ಸಂಪತ್ತು ನಮ್ಮ ಹಬ್ಬಗಳಲ್ಲಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಮಂಗಳವಾರಗಳ ಗುಳ್ಳವ್ವ, ಭಾದ್ರಪದದ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಮನೆಮನೆಗೆ ಬರುವ ಜೋಕುಮಾರ, ಇವೆಲ್ಲ ಸುಡದ ಹಸಿಮಣ್ಣಿನ ಶಿಲ್ಪಗಳು. ಮಾಡುತ್ತೇವೆ, ಪೂಜಿಸುತ್ತೇವೆ, ಮಣ್ಣಿಗೋ ನೀರಿಗೋ ಮರಳಿಸುತ್ತೇವೆ. ಬಾಳಿಕೆಗಾಗಿ ಕಲ್ಲು ಕೆತ್ತಿದ ಅದೇ ನೆಲದಲ್ಲಿ ಕರಗಿಸಲೆಂದೇ ಮಾಡುವ ಶಿಲ್ಪದ ಪರಂಪರೆಯೂ ಇದೆ. ಇದನ್ನು ಊರೂರು ತಿರುಗಿ ದಾಖಲಿಸುವ, ಅದರಿಂದ ಹೊಸ ಕೆಲಸ ಹುಟ್ಟಿಸುವ ಓದು ನಮ್ಮ ವಿದ್ಯಾರ್ಥಿಗಳಿಂದಲೇ ಆಗಬೇಕು.

ಗಾಜು ದೂರದ್ದಲ್ಲ

ಮೂರರಲ್ಲಿ ಗಾಜು ನಮಗೆ ಪರಕೀಯವೆನಿಸುತ್ತದೆ. ಆದರೆ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜು ಕರಗಿಸಿ ಬಳೆ ಮಾಡುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಸೋಡಾ ಇರುವ ಸವಳು ಮಣ್ಣು, ಬಿಳಿ ಬೆಣಚುಕಲ್ಲಿನ ಪುಡಿ, ಕುಲುಮೆಯ ಬೆಂಕಿ ಇಷ್ಟರಿಂದ ಅಲ್ಲಿನವರು ಬಣ್ಣಬಣ್ಣದ ಬಳೆಗಾಜು ತೆಗೆಯುತ್ತಿದ್ದರು.

ಅದರ ಹಿಂದಿನ ತತ್ವವೇ ಇಂದಿನ ಗಾಜಿಗೂ. ಶುದ್ಧ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಬೇಕು. ಸೋಡಾ ಬೆರೆಸಿದರೆ ಅದು ಎಷ್ಟೋ ಕೆಳಗಿನ ಶಾಖಕ್ಕೆ ಕರಗುತ್ತದೆ. ಸುಣ್ಣ ಸೇರಿಸಿದರೆ ನೀರಿಗೆ ಸವೆಯದ ಗಟ್ಟಿತನ ಬರುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಿ ಬಹುಪಾಲು ಇರುವುದು ಸಿಲಿಕಾ. ಬಾಗಲಕೋಟೆಯ ಸುಣ್ಣಕಲ್ಲು ಸಿಮೆಂಟ್ ಕಾರ್ಖಾನೆಯನ್ನೇ ನಡೆಸಿದೆ. ಕೆಂಪು ಮರಳಿನ ಕಬ್ಬಿಣದಿಂದ ಗಾಜು ಹಸಿರಾಗುತ್ತದೆ, ಕನ್ನಡಿಯ ತಿಳಿತನ ಬರುವುದಿಲ್ಲ. ಕಲಾವಿದರಿಗೆ ಆ ಹಸಿರು ಈ ನೆಲದ ಗುರುತಾಗಬಲ್ಲದು. ನೀರಾವರಿಯಿಂದ ಸವಳಾದ ಮುಧೋಳ, ಜಮಖಂಡಿ ಕಡೆಯ ಹೊಲಗಳ ಮಣ್ಣಿನಲ್ಲಿ ಸೋಡಾ ಎಷ್ಟು, ಬರೀ ಉಪ್ಪು ಎಷ್ಟು ಎಂದು ಪರೀಕ್ಷಿಸಿ ಮತ್ತೋಡಿನ ವಿಧಾನವನ್ನು ಮತ್ತೆ ಮಾಡಿ ನೋಡುವುದು ಸಹ ಒಂದು ಒಳ್ಳೆಯ ಪ್ರಬಂಧದ ವಸ್ತು.

ಗಾಜಿನ ಕಷ್ಟವಿರುವುದು ಆರಿಸುವುದರಲ್ಲಿ. ಹೊರಮೈ ಬೇಗ ಆರಿ ಒಳಮೈ ಬಿಸಿಯಾಗಿ ಉಳಿದರೆ ಒಳಗೆ ಬಿಗಿತ ಹುಟ್ಟಿ ತಾನಾಗಿ ಒಡೆಯುತ್ತದೆ. ಆದ್ದರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ತಡೆದು, ಆಮೇಲೆ ತಾಸುಗಟ್ಟಲೆ, ದಪ್ಪ ಎರಕವಾದರೆ ದಿನಗಟ್ಟಲೆ ನಿಧಾನಕ್ಕೆ ಇಳಿಸಬೇಕು. ಕಲಾವಿದ ತಾನೇ ಕುಲುಮೆ ಇಟ್ಟುಕೊಂಡು ಗಾಜಿನಲ್ಲಿ ಕೆಲಸ ಮಾಡುವ ಸ್ಟುಡಿಯೊ ಗಾಜಿನ ಚಳವಳಿ ಅಮೆರಿಕದಲ್ಲಿ ಕಾವು ಪಡೆದದ್ದು 1962ರಲ್ಲಿ. ಹಾರ್ವೆ ಲಿಟಲ್‌ಟನ್, ಡೊಮಿನಿಕ್ ಲ್ಯಾಬಿನೊ ಇಬ್ಬರೂ ಟೊಲೀಡೊ ಮ್ಯೂಸಿಯಂನಲ್ಲಿ ನಡೆಸಿದ ಕಮ್ಮಟಗಳ ನಂತರ ಲಿಟಲ್‌ಟನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಗಾಜಿನ ಪಾಠ ಶುರುಮಾಡಿದರು. ಸೆರಾಮಿಕ್ಸ್ ಶಾಲೆ ನ್ಯೂಯಾರ್ಕ್ ರಾಜ್ಯದ ಆಲ್ಫ್ರೆಡ್‌ನಲ್ಲಿ 1900ರಲ್ಲೇ ತೆರೆದಿತ್ತು. ಈ ವಿದ್ಯೆಗಳು ಅಲ್ಲಿಯೂ ವಿಶ್ವವಿದ್ಯಾಲಯಕ್ಕೆ ಬಂದದ್ದು ಹೀಗೆ ಒಂದೊಂದು ಸಣ್ಣ ಗೂಡಿನಿಂದ.

ಬಾದಾಮಿಯಿಂದ ಹೊರಟ ಒಬ್ಬ ಮೇಷ್ಟ್ರು

ಈ ನೆಲದ ಮಗ ಆರ್.ಎಂ. ಹಡಪದ ಬಾದಾಮಿಯಿಂದ ಬೆಂಗಳೂರಿಗೆ ಹೋಗಿ ಅಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಅವರ ಶಿಷ್ಯ ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನೇ ಸರಣಿಯಾಗಿ ಚಿತ್ರಿಸಿದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅದೇ ಶಾಲೆಯಲ್ಲಿ ಕಲಿತು, ಶಾಂತಿನಿಕೇತನದಲ್ಲಿ ಓದಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ 1986ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಚಿತ್ರಕಲೆ ಓದಿದ ಅವರು ಸಗಣಿ, ಬೂದಿ, ಕುಂಕುಮ, ಕಲ್ಲು ಇವುಗಳಿಂದ ಜಗತ್ತು ಗುರುತಿಸಿದ ಕೃತಿಗಳನ್ನು ಮಾಡಿದರು. 2012ರ ಕೊಚ್ಚಿ–ಮುಜಿರಿಸ್ ಬಿನಾಲೆಗೆ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ಅವರು ಒಯ್ದದ್ದು ಬೆಂಗಳೂರಿನ ಮನೆಗಳು ಹೊರಗೆಸೆದ ನೂರಕ್ಕೂ ಹೆಚ್ಚು ಅರೆಯುವ ಕಲ್ಲುಗಳನ್ನು. ಬೆಂಗಳೂರಿನ ಎನ್. ಪುಷ್ಪಮಾಲಾ ಬರೋಡಾದಲ್ಲಿ ಶಿಲ್ಪಕಲೆ ಓದಿ ಟೆರಾಕೋಟಾದಿಂದ ಕೆಲಸ ಆರಂಭಿಸಿದವರು. ಒಬ್ಬ ಒಳ್ಳೆಯ ಮೇಷ್ಟ್ರು, ನಂತರ ಎರಡು ವರ್ಷದ ಆಳವಾದ ಓದು ಒಬ್ಬ ಕಲಾವಿದೆಯನ್ನು ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ನಮ್ಮವರೇ ಸಾಕ್ಷಿ.

ಎಲ್ಲಿ ಓದಬಹುದು?

ಶಿಲ್ಪಕಲೆಗೆ ಶಾಂತಿನಿಕೇತನದ ಕಲಾಭವನ 1919ರಿಂದ, ಬರೋಡಾದ ಲಲಿತಕಲಾ ವಿಭಾಗ 1950ರಿಂದ ಹೆಸರಾಗಿವೆ. ಬರೋಡಾದಲ್ಲಿ ಜ್ಯೋತ್ಸ್ನಾ ಭಟ್ ದಶಕಗಳ ಕಾಲ ಸೆರಾಮಿಕ್ಸ್ ಕಲಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸೆರಾಮಿಕ್ ಮತ್ತು ಗಾಜಿನ ವಿನ್ಯಾಸವನ್ನು ಒಂದೇ ವಿಭಾಗದಲ್ಲಿ ಸ್ನಾತಕೋತ್ತರ ಮಟ್ಟದವರೆಗೆ ಓದಬಹುದು. ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿಯನ್ನು 1971ರಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಕಟ್ಟಿದರು, ಪದವಿ ಕೊಡದೆಯೂ ದೇಶದ ಹಲವು ಸ್ಟುಡಿಯೊ ಕುಂಬಾರರನ್ನು ಅದು ಬೆಳೆಸಿತು. ಕರ್ನಾಟಕದಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಶಿಲ್ಪಕಲೆಗೆ ಪರಿಚಿತ ಹೆಸರುಗಳು. ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಮಣ್ಣಿನ ಕೆಲಸದ ತರಬೇತಿಗೆ, ಕಾರ್ಕಳದ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹದ ಕೆತ್ತನೆಗೆ ಹೆಸರಾಗಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಾದಾಮಿಯ ಬನಶಂಕರಿಯಲ್ಲಿ ಶಿಲ್ಪಕಲೆಯ ಕೇಂದ್ರ ತೆರೆದದ್ದು ನಮ್ಮ ಜಿಲ್ಲೆಯ ಭಾಗ್ಯ.

ಪ್ರವೇಶಕ್ಕೆ ಬಹುಪಾಲು ಕಡೆ ಲಿಖಿತ ಪರೀಕ್ಷೆಯ ಜೊತೆಗೆ ಸ್ವಂತ ಕೆಲಸದ ಕಡತ, ಸಂದರ್ಶನ ಇರುತ್ತವೆ. ಕಡತದಲ್ಲಿ ಹತ್ತು ಬಗೆಯ ಅಂದದ ಮೂರ್ತಿಗಳಿಗಿಂತ, ಒಂದೇ ಪ್ರಶ್ನೆಯನ್ನು ಬೆನ್ನುಹತ್ತಿ ಮಾಡಿದ ಹತ್ತು ಪ್ರಯತ್ನಗಳು ಹೆಚ್ಚು ಮಾತಾಡುತ್ತವೆ. ಒಡೆದದ್ದನ್ನೂ ಇಡಿ, ಯಾಕೆ ಒಡೆಯಿತು ಎಂದು ಬರೆಯಿರಿ. ಓದಿದ ಮೇಲೆ ಕಾಲೇಜಿನ ಪಾಠ, ಮ್ಯೂಸಿಯಂ ಮತ್ತು ಸಂರಕ್ಷಣೆಯ ಕೆಲಸ, ಮೋರ್ಬಿಯಂಥ ಟೈಲ್ಸ್ ಕೇಂದ್ರಗಳಲ್ಲಿ ವಿನ್ಯಾಸ, ಸ್ವಂತ ಸ್ಟುಡಿಯೊ ಇವು ದಾರಿಗಳು. ಸಂಬಳ ಎಲ್ಲರಿಗೂ ಬೇಗ ಕೂಡಿಬರುವುದಿಲ್ಲ, ತಂದೆತಾಯಿಗೆ ಇದನ್ನು ಮೊದಲೇ ಹೇಳಿಯೇ ಹೊರಡಬೇಕು.

ಇಲ್ಲಿ ಆಗಬೇಕಾದದ್ದು

ಹೊಸ ವಿಶ್ವವಿದ್ಯಾಲಯ ಬೇಕಿಲ್ಲ. ಬಾದಾಮಿಯ ಶಿಲ್ಪ ಕೇಂದ್ರದ ಪಕ್ಕದಲ್ಲೇ ಮಣ್ಣಿಗೊಂದು, ಗಾಜಿಗೊಂದು ಕಮ್ಮಟ ತೆರೆಯಲಿ. ಗಾಜು ಊದುವ ಕುಲುಮೆ ಹಗಲುರಾತ್ರಿ ಉರಿಯಬೇಕು, ಖರ್ಚು ದೊಡ್ಡದು. ಆದ್ದರಿಂದ ಮೊದಲು ವಿದ್ಯುತ್ ಗೂಡಿನಲ್ಲಿ ಗಾಜನ್ನು ಬೆಸೆಯುವುದು, ಅಚ್ಚಿನಲ್ಲಿ ಎರಕ ಹೊಯ್ಯುವುದು ಸಾಕು. ಅದೇ ಗೂಡು ಮಣ್ಣಿಗೂ ಆಗುತ್ತದೆ. ಪ್ರತಿ ವಿದ್ಯಾರ್ಥಿ ಒಂದು ಹಂಗಾಮು ಇಳಕಲ್‌ನ ಕಾರ್ಖಾನೆಯಲ್ಲಿ, ಒಂದು ಹಂಗಾಮು ಕುಂಬಾರರ ಓಣಿಯಲ್ಲಿ ಕಳೆಯಲಿ. ಕಾರ್ಖಾನೆಯವರು ಬಿಟ್ಟ ತುಂಡುಗಲ್ಲು ಕಲಿಕೆಗೆ ಬರಲಿ. ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯ, ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜು ವಸ್ತು ಪರೀಕ್ಷೆಗೆ ಕೈಜೋಡಿಸಲಿ.

ಕಲಿಸುವವರು ಯಾರು ಎಂಬುದು ಎಲ್ಲಕ್ಕಿಂತ ದೊಡ್ಡ ಮಾತು. ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ನಿಯಮದಡಿ ಪಿಎಚ್‌ಡಿ ಇಲ್ಲದ ಅನುಭವಿಗಳನ್ನೂ ವಿಶ್ವವಿದ್ಯಾಲಯಗಳು ಪಾಠಕ್ಕೆ ಕರೆಯಬಹುದು. ಆ ಬಾಗಿಲು ತೆರೆದಿರುವಾಗ ಐವತ್ತು ವರ್ಷ ಆವಿಗೆ ಸುಟ್ಟ ಕುಂಬಾರಜ್ಜಿ, ಮೂರು ತಲೆಮಾರು ಉಳಿ ಹಿಡಿದ ಆಚಾರಿ ಇವರನ್ನು ವರ್ಷಕ್ಕೊಮ್ಮೆ ಸನ್ಮಾನದ ಶಾಲು ಹೊದಿಸಿ ಕಳಿಸುವುದು ಸಾಲದು. ಪಗಾರ ಕೊಟ್ಟು, ಮೇಷ್ಟ್ರೆಂದು ಕರೆದು, ರಸಾಯನಶಾಸ್ತ್ರದ ಪ್ರಾಧ್ಯಾಪಕರ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಕು. ಆಗ ವಿದ್ಯಾರ್ಥಿಗೆ ಅಂಕಿಯೂ ಕೈಹದವೂ ಒಂದೇ ತರಗತಿಯಲ್ಲಿ ಸಿಗುತ್ತವೆ.

ಗ್ರಾನೈಟ್ ಬ್ಲಾಕುಗಳು ಲಾರಿ ಹತ್ತಿ ಹೋಗುತ್ತವೆ, ಬೇರೆ ಕಡೆ ಅವುಗಳಿಗೆ ರೂಪ, ಹೆಸರು, ಬೆಲೆ ಬರುತ್ತದೆ. ಆ ರೂಪ ಕೊಡುವ ತಲೆ ಮತ್ತು ಕೈ ಇದೇ ಜಿಲ್ಲೆಯಲ್ಲಿ ತಯಾರಾಗಬೇಕಾದರೆ ಬೇಕಾದುದು ಮೂರು ಕಮ್ಮಟ, ಎರಡು ಗೂಡು, ನಾಲ್ಕೈದು ಮೇಷ್ಟ್ರು. ಇಷ್ಟನ್ನು ಜಿಲ್ಲೆಯ ಜನಪ್ರತಿನಿಧಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಗ್ರಾನೈಟ್ ಉದ್ಯಮದ ಮುಂದೆ ಕೇಳುವ ಹಕ್ಕು ನಮಗಿದೆ. ಮುಂದಿನ ಪ್ರವೇಶದ ಹಂಗಾಮು ಬರುವ ಮೊದಲೇ ಕೇಳೋಣ.